ಲಾರಿಗಳ ಪಾಳಿ ಕಲ್ಲೂ ನಮ್ಮ ಮಾದರಿ ತಂಗುದಾಣವೂ

ರಸ್ತೆ ಕೆಲಸಕ್ಕೆ ಹೊಸದಾಗಿ ಸೇರಿದ ಎಂಜಿನಿಯರುಗಳು ಆಗಾಗ ಚಿತ್ತಾಪುರದ ನಮ್ಮ ಮನೆಗೆ ಬರುತ್ತಾರೆ. "ನಿಮ್ಮ ಅನುಭವ ಹೇಳಿ ಸರ್" ಅನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೊಬೈಲು ನೋಡಲು ಶುರುಮಾಡುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ಓದುವುದು ಬಿಡುವುದು ಅವರಿಗೆ ಬಿಟ್ಟದ್ದು, ನನಗಂತೂ ಅವರ ಮೊಬೈಲು ನೋಡುವ ಸಂಕಟವಿಲ್ಲ. ನನ್ನ ಬಡ್ತಿಗಳ ವಿಷಯ ಇಲ್ಲಿ ಬರುವುದಿಲ್ಲ. ಅವು ತಡವಾಗಿ ಬಂದವು, ಬಂದಾಗ ನನ್ನ ಹೆಂಡತಿಯೂ ಗಮನಿಸಲಿಲ್ಲ.

ಮೊದಲು ನನ್ನನ್ನು ಹಾಕಿದ್ದು ಚಿಂಚೋಳಿಗೆ. ಕೊಟ್ಟ ಮೊದಲ ಕೆಲಸ ವಾಹನ ಗಣತಿ. ಚಿಮ್ಮನಚೋಡದ ರಸ್ತೆಯಲ್ಲಿ ಒಂದು ಮರದ ಕೆಳಗೆ ಕುಳಿತು, ಹೋಗುವ ಬರುವ ಒಂದೊಂದು ಗಾಡಿಗೂ ಒಂದೊಂದು ಗೀಟು ಎಳೆಯಬೇಕು. ಮೊದಲ ದಿನ ನಾನು ನಿಷ್ಠೆಯಿಂದ ಎಳೆದೆ. ಎರಡನೆಯ ದಿನ ಹಿರಿಯ ಸಹೋದ್ಯೋಗಿಯೊಬ್ಬರು ಬಂದರು, ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು, ರಸ್ತೆಗೆ ಬೆನ್ನು ಮಾಡಿ ಕುಳಿತರು, ಇಡೀ ವಾರದ ಗೀಟುಗಳನ್ನು ಊಟದ ಹೊತ್ತಿಗೆ ಮುಗಿಸಿದರು.

"ಗಾಡಿ ಬರತಾವ, ಹೋಗತಾವ. ನಾವು ನೋಡಿದ್ರೇನು, ಬಿಟ್ರೇನು?" ಅಂದರು.

ಆ ವರದಿಯ ಪ್ರಕಾರ ಐನಾಪುರದ ಕಡೆಯಿಂದ ಬಂದ ಎತ್ತಿನ ಗಾಡಿಗಳು ಐನಾಪುರದ ಎತ್ತುಗಳಿಗಿಂತ ಹೆಚ್ಚು. ಐನಾಪುರ ನನ್ನ ಸ್ವಂತ ಊರು, ಅಲ್ಲಿನ ಎತ್ತುಗಳ ಪರಿಚಯ ನನಗೆ ಚೆನ್ನಾಗಿಯೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಮೇಲಿನವರು ವರದಿ ಬಹಳ ಅಚ್ಚುಕಟ್ಟಾಗಿದೆ ಅಂದರು. ಸುಳ್ಳು ವರದಿ ಯಾವಾಗಲೂ ಅಚ್ಚುಕಟ್ಟಾಗಿರುತ್ತದೆ, ನಿಜವಾದದ್ದಕ್ಕೆ ಧೂಳು ಮೆತ್ತಿರುತ್ತದೆ. ರಸ್ತೆಯ ವಿಷಯವನ್ನು ರಸ್ತೆಯ ಮೇಲೆ ಇರುವವರನ್ನು ಕೇಳಬೇಕಾಗಿಲ್ಲ ಎಂಬುದನ್ನು ನಾನು ಹೀಗೆ ಎರಡೇ ದಿನದಲ್ಲಿ ಕಲಿತೆ. ಕೆಲವರಿಗೆ ಇದನ್ನು ಕಲಿಯಲು ವರ್ಷಗಳು ಬೇಕಾಗುತ್ತವೆ.

ಆಮೇಲೆ ಸೇಡಂ, ಆಮೇಲೆ ಶಹಾಬಾದ್. ಸೇಡಂನಲ್ಲಿದ್ದಾಗ ಟೇಪು ಹಿಡಿದು ಬಿಸಿಲಲ್ಲಿ ನಡೆದು ಅಳೆಯುತ್ತಿದ್ದೆವು. ಶಹಾಬಾದಿಗೆ ಬರುವ ಹೊತ್ತಿಗೆ ಅಳತೆಗೆ ಮಷಿನ್ನುಗಳು ಬಂದವು. ಈಗ ಡ್ರೋನ್ ಹಾರಿಸುತ್ತಾರೆ. ಟೇಪಿನ ಕಾಲದಲ್ಲಿ ತಪ್ಪು ಅಳೆಯಲು ಇಡೀ ದಿನ ನಡೆಯಬೇಕಿತ್ತು, ಈಗ ನೆರಳಲ್ಲಿ ನಿಂತೇ ಅಳೆಯಬಹುದು. ತಪ್ಪುಗಳು ಬಣ್ಣದಲ್ಲಿ ಮೂಡಿಬರುತ್ತವೆ ಎಂಬುದೊಂದು ಹೆಚ್ಚಿನ ಅನುಕೂಲ.

ಇಷ್ಟು ಪೀಠಿಕೆ ಸಾಕು. ನಾನು ಹೇಳಬೇಕಾದದ್ದು ನನ್ನ ಕೊನೆಯ ವರ್ಷಗಳದ್ದು, ವಾಡಿಯಿಂದ ಚಿತ್ತಾಪುರದ ಕಡೆ ಬರುವ ರಸ್ತೆಯದ್ದು.

ಆ ರಸ್ತೆಯಲ್ಲಿ ಒಂದು ತಿರುವು ಇದೆ. ವಾಡಿಯ ಫ್ಯಾಕ್ಟರಿಗೆ ಸಿಮೆಂಟ್ ತುಂಬಿಸಿಕೊಳ್ಳಲು ಬಂದ ಲಾರಿಗಳು ತಮ್ಮ ಪಾಳಿ ಬರುವತನಕ ಆ ತಿರುವಿನಲ್ಲೇ ನಿಲ್ಲುತ್ತಿದ್ದವು. ಒಮ್ಮೊಮ್ಮೆ ಎರಡು ದಿನ, ಒಮ್ಮೊಮ್ಮೆ ಮೂರು ದಿನ. ರಸ್ತೆಯ ಎರಡೂ ಅಂಚು ಲಾರಿ, ನಡುವೆ ಉಳಿದ ಸಂದಿಯಲ್ಲಿ ಬಸ್ಸು, ಟಂಟಂ, ಬೈಕು, ಎಮ್ಮೆ, ಶಾಲೆಗೆ ಹೋಗುವವರು. ತಿರುವಿನ ಆಚೆ ಏನಿದೆ ಎಂದು ಯಾರಿಗೂ ಕಾಣಿಸುತ್ತಿರಲಿಲ್ಲ. ವರ್ಷಕ್ಕೆ ಒಬ್ಬಿಬ್ಬರಾದರೂ ನಿಂತ ಲಾರಿಗೆ ಹೋಗಿ ಬಡಿಯುತ್ತಿದ್ದರು.

ಅದೇ ತಿರುವಿನಲ್ಲಿ ತಗಡಿನ ಶೆಡ್ಡಿನಲ್ಲಿ ಒಂದು ಖಾನಾವಳಿ ಇತ್ತು. ನಡೆಸುತ್ತಿದ್ದಾಕೆಗೆ ಅರವತ್ತರ ಹತ್ತಿರ ವಯಸ್ಸು. ಡ್ರೈವರುಗಳೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದರು, ಕೆಲವರು ಅವಳಿಗಿಂತ ದೊಡ್ಡವರೂ ಕಾಕು ಅನ್ನುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿ ಬೇಳೆ, ಶೇಂಗಾ ಹಿಂಡಿ. ಆ ಕಡೆ ಹೋದಾಗಲೆಲ್ಲ ನಾನೂ ಅಲ್ಲೇ ಉಣ್ಣುತ್ತಿದ್ದೆ. ಅವಳ ಅಳಿಯ ಒಂದು ಸಂಜೆ ಬೈಕಿನಲ್ಲಿ ಬರುವಾಗ ಅದೇ ತಿರುವಿನಲ್ಲಿ ನಿಂತ ಲಾರಿಗೆ ಗುದ್ದಿ ಒಂದು ಕಾಲು ಕಳೆದುಕೊಂಡಿದ್ದ. ಈಗ ಶೆಡ್ಡಿನಲ್ಲಿ ಕುರ್ಚಿಯ ಮೇಲೆ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದ. ಮಗಳು, ಅಳಿಯ, ಕಾಕು, ಮೂವರ ಹೊಟ್ಟೆ ನಡೆಯುತ್ತಿದ್ದದ್ದು ಆ ಒಲೆಯ ಮೇಲೆ.

ಆಗ ನಮ್ಮ ದೊಡ್ಡ ಸಾಹೇಬರಿಗೆ ಲಾರಿ ತಂಗುದಾಣ ಕಟ್ಟುವ ಆದೇಶ ಬಂತು. ದೊಡ್ಡ ಸಾಹೇಬರಿಗೆ 'ಮಾದರಿ' ಎಂಬ ಶಬ್ದದ ಮೇಲೆ ವಿಪರೀತ ಪ್ರೀತಿ. ಮಾದರಿ ಗಟಾರ, ಮಾದರಿ ಮೈಲುಗಲ್ಲು. ತಂಗುದಾಣವೂ ಮಾದರಿಯೇ ಆಗಬೇಕೆಂದು ದೂರದ ಒಬ್ಬ ಸಲಹೆಗಾರರಿಂದ ನಕ್ಷೆ ತರಿಸಿದರು. ಆ ಪುಣ್ಯಾತ್ಮ ನಮ್ಮ ರಸ್ತೆಯನ್ನು ಕಂಪ್ಯೂಟರಿನಲ್ಲಿ ಕಂಡಿದ್ದ. ಅವನ ನಕ್ಷೆಯಲ್ಲಿ ಗುಲಾಬಿ ತೋಟವಿತ್ತು, ಧ್ಯಾನದ ಕೊಠಡಿಯಿತ್ತು, ಮಕ್ಕಳಿಗೆ ಜಾರುಬಂಡೆಯಿತ್ತು. ಅಡುಗೆ ಮನೆ ಇರಲಿಲ್ಲ. ಮೂರು ದಿನ ಪಾಳಿಗೆ ಕಾದು ಬೇಸತ್ತ ಡ್ರೈವರು ಧ್ಯಾನ ಮಾಡುತ್ತಾನೆ, ಬೇಜಾರಾದರೆ ಜಾರುತ್ತಾನೆ, ಹಸಿವಾದರೆ ಗುಲಾಬಿ ಮೂಸುತ್ತಾನೆ ಎಂದು ಆತ ತಿಳಿದಿರಬೇಕು.

ತಿರುವಿನಿಂದ ಅರ್ಧ ಕಿಲೋಮೀಟರು ಆಚೆ ಅದನ್ನು ಕಟ್ಟಿದವನು ನಾನೇ. ನನ್ನ ಸ್ವಂತ ಪ್ರತಿಭೆಯ ಕೊಡುಗೆಯೂ ಅದರಲ್ಲಿದೆ. ಬಾಗಿಲಲ್ಲಿ ಸ್ವಾಗತ ಕಮಾನು ಕಟ್ಟಿಸಿದೆ. ಎತ್ತರ ಸರಿಯಾಗಿಯೇ ಇತ್ತು. ಆಮೇಲೆ ನೆಲಕ್ಕೆ ಇನ್ನೊಂದು ಪದರ ಕಾಂಕ್ರೀಟು ಬಿತ್ತು, ಮೇಲಿನಿಂದ ಗಣ್ಯರ ಹೆಸರಿನ ಫಲಕ ಇಳಿಬಿತ್ತು. ಪರೀಕ್ಷೆಗೆಂದು ಒಳಗೆ ಕರೆದ ಮೊದಲ ಲಾರಿ ಹತ್ತಿ ತುಂಬಿದ್ದು. ಅದು ಗಣ್ಯರ ಹೆಸರುಗಳಿಗೆ ಸಿಕ್ಕಿಕೊಂಡು ಅರ್ಧ ದಿನ ನಿಂತಿತು. ಲಾರಿ ಒಳಗೆ ಬರಲಾಗದ ಲಾರಿ ತಂಗುದಾಣ ಕಟ್ಟಿದ ಕೀರ್ತಿ ಆ ಅರ್ಧ ದಿನ ನನ್ನದಾಗಿತ್ತು. ಫಲಕವನ್ನು ಬಿಚ್ಚಿ ಗೋಡೆಗೆ ಹೊಡೆಸಿದೆ.

ಉದ್ಘಾಟನೆಗೆ ಮೊದಲು ತಿರುವಿನ ಒತ್ತುವರಿ ತೆಗೆಯಬೇಕೆಂದು ಸಾಹೇಬರು ಅಂದರು. ಒತ್ತುವರಿ ಅಂದರೆ ಕಾಕುವಿನ ಶೆಡ್ಡು. ಅವಳು ಅಲ್ಲಿದ್ದಾಳೆಂದೇ ಲಾರಿಗಳು ಅಲ್ಲಿ ನಿಲ್ಲುತ್ತವೆ ಎಂಬುದು ಅವರ ಸಂಶೋಧನೆ. ಲಾರಿಗಳು ನಿಲ್ಲಲು ಕಾರಣವಾದ ಶೆಡ್ಡನ್ನು ಏಳು ದಿನದೊಳಗೆ ಖಾಲಿ ಮಾಡತಕ್ಕದ್ದು ಎಂಬ ನೋಟೀಸಿಗೆ ಸಹಿ ಹಾಕಿ, ನಾನೇ ಹೋಗಿ ತಗಡಿಗೆ ಅಂಟಿಸಿದೆ. ಕಾಕುವಿಗೆ ಓದು ಬರುತ್ತಿರಲಿಲ್ಲ. ಊಟ ಮಾಡುತ್ತಿದ್ದ ಶಹಾಬಾದಿನ ಮೈಬೂಬಸಾಬ್ ಎಂಬ ಹಳೆಯ ಡ್ರೈವರು ಎದ್ದು ಬಂದು ಓದಿ ಹೇಳಿದ.

ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು, "ನಾ ಇಲ್ಲಿ ಕುಂತೀನಂತ ಲಾರಿ ನಿಲ್ಲಾಕತ್ತಾವೇನ್ರಿ ಸಾಹೇಬ್ರ? ಲಾರಿ ನಿಲ್ಲತಾವಂತ ನಾ ಇಲ್ಲಿ ಕುಂತೀನಿ. ಅವು ಒಳಗ ಹೋಗಲಿ, ನಂಗೂ ಚಲೋನೇ. ನನ್ನ ಅಳಿಯನ ಕಾಲ ತಿಂದ ಜಾಗ ಇದು, ನಂಗೇನ್ ಇದರ ಮ್ಯಾಲ ಪ್ರೀತಿ? ಖರೆ, ನನ್ನನ್ನ ಎಲ್ಲಿಗಿ ಹೋಗಂತೀರಿ?"

"ಅದು ಈ ನೋಟೀಸಿನಾಗ ಬರಂಗಿಲ್ಲ ಕಾಕು" ಅಂದೆ.

"ಹಂಗಾದ್ರ ಕುಂದ್ರಿ, ಉಂಡು ಹೋಗ್ರಿ" ಅಂದಳು. ಕುಳಿತು ಉಂಡೆ. ನೋಟೀಸು ಅಂಟಿಸಿದ ಮನೆಯಲ್ಲೇ ಉಣ್ಣುವಷ್ಟು ಚರ್ಮ ನನಗೆ ಆಗಲೇ ದಪ್ಪವಾಗಿತ್ತು.

ಏಳನೆಯ ದಿನವೇ ಉದ್ಘಾಟನೆ. ಗಣ್ಯರ ಕಾರು ಬರುವ ದಾರಿ ಚೊಕ್ಕಟವಾಗಿರಬೇಕು. ಬೆಳಿಗ್ಗೆ ಆಳುಗಳನ್ನು ಕರೆದುಕೊಂಡು ತಿರುವಿಗೆ ಹೋದೆ. ಶೆಡ್ಡಿಗೆ ಇನ್ನೂ ಸಂಜೆಯವರೆಗೆ ಗಡುವಿತ್ತು. ಶೆಡ್ಡಿನ ಪಕ್ಕದ ಬೇವಿನ ಮರದ ಕೆಳಗೆ ಶಹಾಬಾದಿ ಫರಸಿ ಕಲ್ಲಿನ ತುಂಡುಗಳು ಉದ್ದಕ್ಕೆ ಬಿದ್ದಿದ್ದವು. ನಮ್ಮ ಕಡೆ ಫರಸಿ ತುಂಡು ಬಿದ್ದಿರದ ಜಾಗವೇ ಇಲ್ಲ. ಅವುಗಳ ಮೇಲೆ ಯಾರೋ ಸುಣ್ಣದ ಕಡ್ಡಿಯಲ್ಲಿ ಏನೋ ಗೀಚಿದ್ದರು. ಎಲ್ಲವನ್ನೂ ಟ್ರ್ಯಾಕ್ಟರಿಗೆ ತುಂಬಿಸಿ ಹಳ್ಳಕ್ಕೆ ಸುರಿಸಿದೆ. ಮರದ ಬುಡ ಕನ್ನಡಿಯ ಹಾಗೆ ಆಯಿತು, ಫೋಟೋ ತೆಗೆದು ಸಾಹೇಬರಿಗೆ ಕಳಿಸಿದೆ. ಅವರು ಹೆಬ್ಬೆರಳಿನ ಚಿತ್ರ ಕಳಿಸಿದರು.

ಅರ್ಧ ಗಂಟೆಯಾಗಿರಲಿಲ್ಲ. ತಿರುವಿನಲ್ಲಿ ಗದ್ದಲ ಶುರುವಾಯಿತು. ಎಲ್ಲ ಲಾರಿಗಳೂ ಒಂದೇ ಸಲ ಚಾಲೂ ಆಗಿ ಮುಂದೆ ನುಗ್ಗಿದವು. ಒಂದು ಅಡ್ಡ ತಿರುಗಿತು, ಇನ್ನೊಂದು ಅದರ ಬಾಲಕ್ಕೆ ಅಂಟಿತು. ಡ್ರೈವರುಗಳು ಕೆಳಗಿಳಿದು ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕರಲ್ಲೂ ಬೈದಾಡತೊಡಗಿದರು. ನಾನು ಹೋದ ಕೂಡಲೇ ಬೈಗುಳವೆಲ್ಲ ನನ್ನ ಕಡೆ ತಿರುಗಿತು.

"ಕಲ್ಲು ಎಲ್ಲಿ ಹಾಕೀರಿ ಸಾಬ್?" ಮೈಬೂಬಸಾಬ್ ಕೇಳಿದ. "ಅವು ಪಾಳಿ ಕಲ್ಲು. ಯಾವ ಲಾರಿ ಮೊದಲು ಬಂತೋ ಅದರ ನಂಬರ ಬರ್ದು ಇಡತೀವಿ. ಫ್ಯಾಕ್ಟರಿ ಗೇಟಿನವ ನಾಕು ಗಾಡಿ ಕಳಸು ಅಂದ್ರ ಮುಂದಿನ ನಾಕು ಕಲ್ಲು ಎತ್ತತೀವಿ, ನಾಕು ಗಾಡಿ ಹೋಗತಾವ. ಇಷ್ಟು ವರ್ಸ ಒಂದು ಜಗಳ ಆಗಿಲ್ಲ. ಈಗ ಎಲ್ಲಾರೂ ನಂದೇ ಮೊದಲ ಅನ್ನಾಕತ್ಯಾರ!"

ನಾನು ಮೂವತ್ತು ವರ್ಷ ಆ ರಸ್ತೆಗಳಲ್ಲಿ ಓಡಾಡಿದವನು. ಆ ಕಲ್ಲುಗಳನ್ನು ಸಾವಿರ ಸಲ ನೋಡಿದ್ದೆ. ಅವು ಏನು ಎಂದು ಒಮ್ಮೆಯೂ ಯಾರನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಸಾಹೇಬರ ಫೋನು ಬಂತು. ಗಣ್ಯರ ಕಾರು ಲಾರಿಗಳ ಹಿಂದೆ ಸಿಕ್ಕಿಕೊಂಡಿತ್ತು. ಲಾರಿಗಳ ತೊಂದರೆ ನಿವಾರಣೆಯಾಯಿತೆಂದು ಭಾಷಣ ಮಾಡಲು ಬಂದವರು ಲಾರಿಗಳ ನಡುವೆ ಕಾರಿನಲ್ಲಿ ಬೆವರುತ್ತ ಕುಳಿತಿದ್ದರು. ಸಾಹೇಬರು ಫೋನಿನಲ್ಲಿ ಬಳಸಿದ ಭಾಷೆ ಮಾತ್ರ ಮಾದರಿಯಾಗಿರಲಿಲ್ಲ.

ಕಾಕು ಶೆಡ್ಡಿನ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಅವತ್ತು ಅವಳ ಏಳನೆಯ ದಿನ. ಗದ್ದಲ ಕೇಳಿ ಹೊರಗೆ ಬಂದಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಬಾಯಿ ಮುಚ್ಚರಿ ಎಲ್ಲಾರೂ! ನಾ ಹೇಳತೀನಿ. ಮೊದಲ ತಾಂಡೂರದ ಕೆಂಪು ಲಾರಿ, ನಿನ್ನೆ ಮುಂಜಾನಿ ನಾಕು ರೊಟ್ಟಿ ಪುಂಡಿಪಲ್ಯ ಉಂಡಾಂವ. ಅವನ ಹಿಂದ ಸೋಲಾಪುರದಾಂವ, ಖಾರ ಬ್ಯಾಡ ಅಂದಾಂವ. ಆಮ್ಯಾಲ ಮೈಬೂಬಸಾಬ. ಆಮ್ಯಾಲ ನೀ, ಮೀಸಿ, ನೀ ಮಧ್ಯಾನ ಬಂದಿ, ಬ್ಯಾಳಿ ತೀರಿತ್ತು, ಮಜ್ಜಿಗಿ ಹಾಕಿದೆ. ಸುಳ್ಳೇನು?"

ಮೀಸೆಯವನು ತಲೆ ತಗ್ಗಿಸಿದ. ಇಪ್ಪತ್ತಕ್ಕೂ ಮೇಲೆ ಲಾರಿಗಳನ್ನು ಅವಳು ಊಟದ ಲೆಕ್ಕದಲ್ಲೇ ಸಾಲಾಗಿ ಹೇಳಿಬಿಟ್ಟಳು. ಅವಳು ಹೇಳಿದ ಹಾಗೆ ಒಂದೊಂದೇ ಲಾರಿ ಹಿಂದೆ ಸರಿದು ದಾರಿ ಬಿಟ್ಟಿತು, ಗಣ್ಯರ ಕಾರು ಸಾಗಿತು. ಅವರು ಟೇಪು ಕತ್ತರಿಸಿ, ಈ ಭಾಗದ ಸಂಚಾರ ಶಿಸ್ತು ಮೆಚ್ಚುವಂಥದ್ದು ಅಂದರು. ಶಿಸ್ತಿಗೆ ಕಾರಣ ನಾನೆಂದು ಸಾಹೇಬರು ನನ್ನ ಬೆನ್ನು ತಟ್ಟಿದರು. ಆ ಸಂಭ್ರಮದಲ್ಲಿ ಶೆಡ್ಡು ಕೀಳುವುದು ಮರೆತುಹೋಯಿತು, ಅಥವಾ ನಾನು ಮರೆತೆ.

ಗಣ್ಯರು ಹೋದರು, ಲಾರಿಗಳು ತಿರುವಿನಲ್ಲೇ ಉಳಿದವು. ತಂಗುದಾಣ ತಿಂಗಳುಗಟ್ಟಲೆ ಖಾಲಿ. ಗುಲಾಬಿ ಒಣಗಿತು, ಜಾರುಬಂಡೆಯ ಮೇಲೆ ಆಡುಗಳು ಹತ್ತಿ ನಿಂತವು. ಆದರೆ ಸಾಹೇಬರಿಗೆ ದಿನವೂ ಜಾಗದ ಗುರುತು ಬೀಳುವ ಫೋಟೋ ಬೇಕು, ಫೋಟೋದಲ್ಲಿ ಲಾರಿ ಬೇಕು. ನಾನು ಗುತ್ತಿಗೆದಾರನ ಮರಳಿನ ಲಾರಿಯೊಂದನ್ನು ದಿನಕ್ಕೊಂದು ಮೂಲೆಯಲ್ಲಿ ನಿಲ್ಲಿಸಿ, ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ಫೋಟೋ ಹೊಡೆದು ಕಳಿಸಿದೆ. ಚಿಂಚೋಳಿಯ ಗೀಟುಗಳಿಂದ ಇಲ್ಲಿಯವರೆಗೆ ಬಂದ ತಾಂತ್ರಿಕ ಪ್ರಗತಿ ಅಂದರೆ ಇದೇ. ಆ ಫೋಟೋಗಳ ಮೇಲೆ ಸಾಹೇಬರಿಗೆ ಒಂದು ಪ್ರಶಸ್ತಿಯೂ ಬಂತು.

ಕಲ್ಲು ಹೋದ ಮೇಲೆ ಸಾಹೇಬರು ಪಾಳಿಗೆಂದು ಮೊಬೈಲಿನಲ್ಲಿ ಒಂದು ಆ್ಯಪ್ ಮಾಡಿಸಿದರು. ನೆಟ್ವರ್ಕ್ ಬಂದಾಗ ಅದು ಎಲ್ಲರಿಗೂ ಒಂದನೆಯ ನಂಬರು ಕೊಡುತ್ತಿತ್ತು, ಹೋದಾಗ ಯಾರಿಗೂ ಕೊಡುತ್ತಿರಲಿಲ್ಲ. ಡ್ರೈವರುಗಳು ಎರಡೇ ದಿನದಲ್ಲಿ ಹಳ್ಳದಿಂದ ಕಲ್ಲು ಆರಿಸಿ ತಂದರು. ಕಲ್ಲಿಗೆ ಚಾರ್ಜು ಹಾಕಬೇಕಾಗಿಲ್ಲ.

ಕೊನೆಗೆ ಒಂದು ದಿನ ಮೈಬೂಬಸಾಬನನ್ನು ಕೇಳಿದೆ. ಹೌದು, ಕೇಳಿದೆ. ಅಷ್ಟು ವರ್ಷದ ನೌಕರಿಯಲ್ಲಿ ಒಬ್ಬ ಡ್ರೈವರನ್ನು ಏನು ಬೇಕೆಂದು ಕೇಳಿದ್ದು ಅದೇ ಮೊದಲು.

"ಒಳಗ್ಯಾಕ ಬರಂಗಿಲ್ಲ ಚಾಚಾ?"

"ಕಲ್ಲು ಕಾಯೋರು ಯಾರು ಸಾಬ್? ನಾವು ಮಲಗತೀವಿ, ಜಳಕಕ್ಕ ಹೊಳಿಗಿ ಹೋಗತೀವಿ. ಹೊಸಬ ಬಂದು ಕಲ್ಲು ಮುಂದ ಸರಿಸಿದ್ರ? ಕಾಕು ಕಣ್ಣಿಟ್ಟಿರತಾಳ. ಕಾಕು ಎಲ್ಲಿ ಕುಂದ್ರತಾಳ ಅಲ್ಲೇ ಪಾಳಿ. ಪಾಳಿ ಎಲ್ಲಿ ಅದ ಅಲ್ಲೇ ಲಾರಿ. ಇಷ್ಟು ಸೀದಾ ಮಾತು ನಿಮಗ ಯಾರೂ ಹೇಳಿಲ್ಲೇನು?"

ಸಾಹೇಬರ ಬಳಿ ಹೋಗಿ, ಕಾಕುವಿಗೆ ತಂಗುದಾಣದಲ್ಲಿ ಜಾಗ ಕೊಡೋಣ ಅಂದೆ. ನಕ್ಷೆಯಲ್ಲಿ ಅಡುಗೆ ಮನೆ ಇಲ್ಲವಲ್ಲ ಅಂದರು. ಧ್ಯಾನದ ಕೊಠಡಿ ಖಾಲಿ ಇದೆ ಅಂದೆ. "ಬಾಯಿ ಮಾತಿನಲ್ಲಿ ಹೇಳಿ. ಬರವಣಿಗೆಯಲ್ಲಿ ಏನೂ ಬೇಡ. ಒತ್ತುವರಿ ತೆರವಾಯಿತು ಅಂತ ಮಾತ್ರ ಬರೆಯಿರಿ" ಅಂದರು.

ಕಾಕು ಧ್ಯಾನದ ಕೊಠಡಿಯಲ್ಲಿ ಒಲೆ ಹೂಡಿದಳು. ಒಣಗಿದ ಗುಲಾಬಿ ಪಾತಿಯ ಅಂಚಿಗೆ ಪಾಳಿ ಕಲ್ಲುಗಳು ಸಾಲಾಗಿ ಬಂದವು. ಒಂದು ವಾರದಲ್ಲಿ ಲಾರಿಗಳೆಲ್ಲ ಒಳಗೆ. ತಿರುವಿನಲ್ಲಿ ನಿಂತು ನೋಡಿದರೆ ಆಚೆ ಬರುವ ಬಸ್ಸು ಕಾಣಿಸುತ್ತಿತ್ತು. ಆಮೇಲೆ ಅಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ಕಾಕುವಿನ ಅಳಿಯ ಕುರ್ಚಿ ಹಾಕಿಕೊಂಡು ಕಲ್ಲುಗಳಿಗೆ ನಂಬರು ಬರೆಯತೊಡಗಿದ. ನನಗೆ ನಿಜವಾಗಿ ಸಂತೋಷವಾಯಿತು. ವ್ಯಂಗ್ಯವಿಲ್ಲದೆ ಬರೆಯಬಹುದಾದ ಕೆಲವೇ ಸಾಲುಗಳಲ್ಲಿ ಇದೂ ಒಂದು.

ನಾನು ನಿವೃತ್ತನಾಗಲು ಎರಡು ತಿಂಗಳಿದ್ದಾಗ ಸಾಹೇಬರು ತಂಗುದಾಣದ ನಿರ್ವಹಣೆಯನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟರು. ಆ ಕಂಪನಿಯ ಮ್ಯಾನೇಜರು ಟೈ ಕಟ್ಟಿಕೊಂಡು ಬಂದ. ವಾಡಿಯ ಬಿಸಿಲಲ್ಲಿ ಟೈ! ಧ್ಯಾನದ ಕೊಠಡಿಯಲ್ಲಿ ಕಾಫಿ ಮಷಿನ್ ಇಡಬೇಕು, ಈಕೆ ಯಾರು, ಇವರ ಹತ್ತಿರ ಕಾಗದ ಇದೆಯೇ ಎಂದು ಕೇಳಿದ. ಕಾಗದ ಇರಲಿಲ್ಲ. ಅವತ್ತೇ ಖಾಲಿ ಮಾಡಬೇಕು ಅಂದ.

ನಾನು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಬಹುದಿತ್ತು. ಆದರೆ ನಿವೃತ್ತಿಯ ಹೊಸ್ತಿಲಲ್ಲಿ ವಿಚಾರಣೆಯೊಂದು ತಗುಲಿಕೊಂಡರೆ ಪಿಂಚಣಿ ಯಾವಾಗ ಬಂದೀತೆಂದು ಹೇಳಲಾಗದು. ಚಪ್ಪಲಿಯ ತುದಿ ನೋಡುತ್ತ ನಿಂತೆ. ಕಾಕು ರೊಟ್ಟಿ ಹಂಚು ಎತ್ತಿಕೊಂಡಳು, ಮಗಳು ಹಿಟ್ಟಿನ ಡಬ್ಬಿ, ಅಳಿಯ ಊರುಗೋಲು. ನನ್ನ ಮುಂದೆ ಬಂದಾಗ ಕಾಕು ಅಂದಳು, "ನಿಮ್ಮ ಮ್ಯಾಲ ಸಿಟ್ಟಿಲ್ರಿ ಸಾಹೇಬ್ರ. ನಿಮ್ಮದು ನೌಕರಿ ಅದ." ಬೈದಿದ್ದರೆ ನಾನು ಅವತ್ತು ರಾತ್ರಿ ನಿದ್ದೆ ಮಾಡುತ್ತಿದ್ದೆ.

ಡ್ರೈವರುಗಳು ಘೋಷಣೆ ಕೂಗಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕಲ್ಲು ಎತ್ತಿಕೊಂಡರು, ಪಾಳಿ ತಪ್ಪದ ಹಾಗೆ ಸಾಲಾಗಿ ಅವಳ ಹಿಂದೆ ನಡೆದರು. ಸಂಜೆಯ ಹೊತ್ತಿಗೆ ತಂಗುದಾಣದಲ್ಲಿ ಟೈ ಒಂದೇ ಉಳಿದಿತ್ತು. ತಿರುವು ಮತ್ತೆ ತುಂಬಿತು. ಮೂರನೆಯ ದಿನ ಶಾಲೆಗೆ ಹೊರಟ ಶಿಕ್ಷಕಿಯೊಬ್ಬರ ಸ್ಕೂಟರಿಗೆ ಲಾರಿ ತಾಗಿ ಅವರ ಕೈ ಮುರಿಯಿತು. ಊರವರು ರಸ್ತೆ ತಡೆದು ಕುಳಿತರು. ಸಾಹೇಬರ ಫೋನು ಬಂತು.

"ಏನಾದರೂ ಮಾಡಿ, ಆ ಹೆಂಗಸನ್ನು ಒಳಗೆ ಕರೆತನ್ನಿ. ಬಾಯಿ ಮಾತಿನಲ್ಲೇ ಮುಗಿಸಿ."

ಹೋದೆ. ಕಾಕು ಬೇವಿನ ಕೆಳಗೆ ಮೂರು ಕಲ್ಲಿನ ಒಲೆ ಹೂಡಿದ್ದಳು. ಬರ್ರಿ ಕಾಕು ಅಂದೆ. ಅವಳು ಏಳಲಿಲ್ಲ.

"ಬಾಯಿ ಮಾತಿಗಿ ಒಮ್ಮಿ ಬಂದೆ. ಈಗ ಕಾಗದ ಕೊಡ್ರಿ."

"ಅದನ್ನ ಬರಿಯೋ ಅಧಿಕಾರ ನನಗಿಲ್ಲ ಕಾಕು."

"ಎದ್ದು ಹೋಗು ಅಂತ ಬರಿಯಾಕ ಇತ್ತಲ್ರಿ?"

ಸುತ್ತ ನಿಂತ ಡ್ರೈವರುಗಳಲ್ಲಿ ಒಬ್ಬರೂ ನಗಲಿಲ್ಲ. ನನಗೆ ನಾಚಿಕೆಯಾಯಿತು. ಚೀಲದಿಂದ ಕಚೇರಿಯ ಕಾಗದ ತೆಗೆದೆ. ನಮ್ಮ ಪತ್ರಗಳೆಲ್ಲ 'ಮೇಲಧಿಕಾರಿಗಳ ಆದೇಶದಂತೆ' ಎಂದು ಶುರುವಾಗುತ್ತವೆ. ಆ ಸಾಲು ಬಿಟ್ಟು ಕೆಳಗಿನಿಂದ ಶುರುಮಾಡಿದೆ. ತಂಗುದಾಣದ ಅಡುಗೆ ಮನೆಯನ್ನೂ ಲಾರಿಗಳ ಪಾಳಿಯನ್ನೂ ನೋಡಿಕೊಳ್ಳಲು ಇವರಿಗೆ ಅನುಮತಿ ನೀಡಲಾಗಿದೆ. ಇವರಿಗೆ ಅಂದರೆ ಯಾರಿಗೆ? ಪೆನ್ನು ನಿಂತಿತು. ಅವಳಿಗೆ ನೋಟೀಸು ಅಂಟಿಸಿದ್ದೆ, ಅವಳ ಕೈಯಡುಗೆ ವರ್ಷಗಟ್ಟಲೆ ಉಂಡಿದ್ದೆ.

"ಕಾಕು, ನಿಮ್ಮ ಹೆಸರೇನ್ರಿ?"

"ಶರಣಮ್ಮ."

"ಗಂಡನ ಹೆಸರು?"

"ಅವ ಬಿಟ್ಟು ಹೋಗಿ ಭಾಳ ದಿನ ಆತು. ರೊಟ್ಟಿ ಬಡಿಯಾಕಿ ನಾ, ನನ್ನ ಹೆಸರೇ ಸಾಕು."

ಬರೆದು ಸಹಿ ಮಾಡಿ, ಮೊಹರು ಒತ್ತಿ ಕೊಟ್ಟೆ. ಮೈಬೂಬಸಾಬ್ ಗಟ್ಟಿಯಾಗಿ ಓದಿದ. ಅವಳು ಎರಡು ಸಲ ಓದಿಸಿದಳು, ಆಮೇಲೆ ಒಲೆಗೆ ನೀರು ಹಾಕಿ ಎದ್ದಳು. ಮಧ್ಯಾಹ್ನದ ಹೊತ್ತಿಗೆ ಲಾರಿಗಳು ಒಳಗಿದ್ದವು, ಟೈ ಕಟ್ಟಿದವನು ಆ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ.

ಆ ಕಾಗದ ಈಗಲೂ ಅಲ್ಲಿ ಗೋಡೆಯ ಮೇಲಿದೆ, ವಿಚಾರಣೆ ಈಗಲೂ ನನ್ನ ಮೇಲಿದೆ. ಯಾರ ಆದೇಶದ ಮೇರೆಗೆ ಸಹಿ ಮಾಡಿದಿರಿ, ಲಿಖಿತ ಉತ್ತರ ಕೊಡಿ ಎಂದು ಆಗಾಗ ಪತ್ರ ಬರುತ್ತದೆ. ಶರಣಮ್ಮನವರ ಆದೇಶದ ಮೇರೆಗೆ ಎಂದು ಪ್ರತಿ ಸಲವೂ ಬರೆದು ಕಳಿಸುತ್ತೇನೆ.